ಅಳತೆಗೆ ಕೇಳಿದ ರವಿಕೆ

ಮಗಳ ಮದುವೆಯ ವರ್ಷ ನನಗೆ ನಲವತ್ತೆಂಟು. ಅದಾಗಿ ಇಪ್ಪತ್ತೆರಡು ವರ್ಷವಾಯಿತು. ಹೋದ ವರ್ಷ ನನ್ನ ಗಂಡ ತೀರಿಕೊಂಡಾಗ ಬಂದವರೆಲ್ಲ ಒಂದೇ ಮಾತು ಹೇಳಿದರು: ಅಂಥ ಅಪ್ಪ ಯಾರಿಗೂ ಸಿಗಲಿಕ್ಕಿಲ್ಲ. ಸುಳ್ಳಲ್ಲ. ಗಂಡನಾಗಿ ಹೇಗಿದ್ದರು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಸೈನ್ಯದಲ್ಲಿದ್ದು ಎಪ್ಪತ್ತೊಂದರ ಯುದ್ಧ ಕಂಡವರು. ತೊಡೆಯಲ್ಲಿ ಗುಂಡಿನ ಗುರುತಿತ್ತು. ಹೊಲಿಗೆ ಕಲಿತದ್ದೂ ಅಲ್ಲೇ, ಸಿಪಾಯಿಗಳ ಸಮವಸ್ತ್ರ ಹೊಲಿದು. ಪಿಂಚಣಿಗೆ ಬಂದ ಮೇಲೆ ಸೌದಿಗೆ ಹೋಗಿ ಥುಕ್ಬಾ ಎಂಬಲ್ಲಿ ಟೈಲರ್ ಅಂಗಡಿ ಹಿಡಿದರು. ಹಿಂದಿನಿಂದ ನಾನೂ ಒಬ್ಬಳೇ ಮಗಳೂ ಹೋದೆವು. ಕೆಳಗೆ ಅಂಗಡಿ, ಮೇಲೆ ಮನೆ. ಅಲ್ಲಿ ಗಂಡಸು ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುವ ಹಾಗಿಲ್ಲ. ಹೆಂಗಸರೇ ಅಳತೆಗೆಂದು ಹಳೆಯ ಬಟ್ಟೆಯೊಂದನ್ನು ಕಿಟಕಿಯಿಂದ ಒಳಗೆ ಕೊಟ್ಟು ಹೋಗುತ್ತಿದ್ದರು.

ಮಗಳ ಶಾಲೆಯ ಬಟ್ಟೆಗೆ ದಿನಾ ತಾವೇ ಇಸ್ತ್ರಿ ಹಾಕುವರು. ಪೆರೇಡಿಗೆ ಹೊರಟ ಹಾಗೆ ಮಡಿಕೆ ಎದ್ದು ನಿಲ್ಲಬೇಕು. ನನ್ನ ರವಿಕೆ ಮಾತ್ರ ಗಿರಾಕಿಗಳದ್ದು ಮುಗಿದ ಮೇಲೆ. ಅದು ಮುಗಿಯುವುದುಂಟೇ? ಊರಿಗೆ ಹೋದಾಗ ಬೇರೆಯವರ ಹತ್ತಿರ ಹೊಲಿಸಿಕೊಂಡು ಬರುತ್ತಿದ್ದೆ.

ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಮುಗಿಸಿದಳು, ಮದುವೆಯೂ ಗೊತ್ತಾಯಿತು. ಆ ದಿನವಾದರೂ ಇವರ ಕೈಯ ರವಿಕೆ ಹಾಕಬೇಕೆಂದು ಹಠ ಹಿಡಿದು, ಒಂದು ಸಂಜೆ ರೇಷ್ಮೆಯ ತುಂಡು ಹಿಡಿದು ಅಂಗಡಿಗೆ ಇಳಿದೆ. ಅವರು ಮಗಳ ಮದುವೆಯ ಬಿಳಿ ಗೌನಿಗೆ ಬಟ್ಟೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಅಳತೆಯ ಬಟ್ಟೆ ಕಾಣಲಿಲ್ಲ.

“ಎಂತ, ಅಳತೆ ಇಲ್ಲದೆಯೇ?”

“ಅವಳದ್ದು ಅಳತೆ ಎಂತಕ್ಕೆ ಮಾರಾಯ್ತಿ? ಹಾಸ್ಟೆಲಿನ ಊಟ, ಸೊಂಟ ಸ್ವಲ್ಪ ಇಳಿದಿರ್ತದೆ. ಫೋನಲ್ಲಿ ಸ್ವರ ಕೇಳಿದ್ರೆ ಗೊತ್ತಾಗ್ತದೆ.”

ರೇಷ್ಮೆ ಮುಂದಿಟ್ಟೆ. ಅವರು ತಲೆ ಎತ್ತಲಿಲ್ಲ.

“ಅಳತೆಗೆ ಒಂದು ರವಿಕೆ ಇಟ್ಟು ಹೋಗು.”

“ನನ್ನದಕ್ಕಾ?”

“ಮತ್ತೆ? ಬಿಗಿಯಾದ್ರೆ ಬಯ್ಯುದು ನೀನೇ ಅಲ್ವಾ?”

“ಅವಳನ್ನು ನೋಡದೆ ಎರಡು ವರ್ಷ ಆಯ್ತು. ನಾನು ದಿನಾ ನಿಮ್ಮ ಕಣ್ಣೆದುರೇ ಇದ್ದೇನೆ.”

“ಹೊಲಿಸ್ಲಿಕ್ಕೆ ಬಂದದ್ದಾ, ಜಗಳಕ್ಕೆ ಬಂದದ್ದಾ?” ಎಂದು ನಗುತ್ತಾ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

ನನಗೆ ನಗು ಬರಲಿಲ್ಲ. ಹೆತ್ತ ಮಗಳ ಮೇಲೆ ಹೊಟ್ಟೆ ಉರಿಯಿತು. ಉರಿಯಬಾರದು ಎನ್ನುವವರು ನನ್ನ ಜಾಗದಲ್ಲಿ ನಿಂತು ನೋಡಲಿ. ಆ ಬಿಳಿ ಬಟ್ಟೆಯ ಸುಕ್ಕನ್ನು ಅವರು ಅಂಗೈಯಿಂದ ಸವರಿದ ಹಾಗೆ ನನ್ನ ಬೆನ್ನನ್ನು ಯಾವತ್ತೂ ಸವರಿದ್ದಿಲ್ಲ. ರೇಷ್ಮೆಯನ್ನು ಎತ್ತಿಕೊಂಡು ಮೇಲೆ ಬಂದೆ.

ಮರುದಿನ ಬೆಳಿಗ್ಗೆ ಅವರಿಗೆ ಚಹಾ ಕೊಟ್ಟು, ಅಬಾಯಾ ಹಾಕಿಕೊಂಡು, ಅವರು ಯಾರನ್ನು ಕಂಡರೆ ಮುಖ ತಿರುಗಿಸುತ್ತಿದ್ದರೋ ಆ ಎದುರು ರಸ್ತೆಯ ಪಾಕಿಸ್ತಾನಿ ದರ್ಜಿಯ ಕಿಟಕಿಯಲ್ಲಿ ರೇಷ್ಮೆಯನ್ನೂ ಒಂದು ಹಳೆಯ ರವಿಕೆಯನ್ನೂ ಕೊಟ್ಟು ಬಂದೆ.