ಕೊಡದವನ ಹೆಸರು

ಹೋದ ತಿಂಗಳು ಜೇವರ್ಗಿಯಲ್ಲಿ ಒಂದು ಮದುವೆಯ ಊಟಕ್ಕೆ ಕುಳಿತಿದ್ದೆ. ಖಡಕ್ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದ್ದೆ ಅಷ್ಟೆ, ಎದುರಿಗಿದ್ದ ಹಿರಿಯರೊಬ್ಬರು ಪಕ್ಕದವರಿಗೆ ನನ್ನನ್ನು ತೋರಿಸಿದರು. "ಈಕೀನೇ ನೋಡ್ರಿ, ಅಫಜಲಪುರದ ಸಾಹುಕಾರ್ರು ಆಫ್ರಿಕಾಕ್ಕ ಕಳಿಸಿದ ಹುಡುಗಿ. ಹೌದಲ್ಲವಾ?"

ಅದ್ದಿದ ತುತ್ತನ್ನು ಎಲೆಯ ಮೇಲೇ ಇಟ್ಟೆ. ಆ ಸಾಹುಕಾರ ನನ್ನನ್ನು ಕಳಿಸಿದ್ದು ನಿಜ, ಆದರೆ ಆಫ್ರಿಕಾಕ್ಕಲ್ಲ. ತನ್ನ ಅಂಗಡಿಯ ಮೆಟ್ಟಿಲಿನಿಂದ ವಾಪಸ್ಸು ಮನೆಗೆ, ಅದೂ ಏಳು ಸಲ. ಆದರೂ ಮೂರು ತಾಲೂಕಿನ ಜನ ಹೀಗೆ ನಂಬಿದ್ದಾರೆ, ಮತ್ತು ಹಾಗೆ ನಂಬಿಸಿದವಳು ನಾನೇ. ಅವನ ಮೇಲಿನ ಸಿಟ್ಟು ಎಷ್ಟಿದೆಯೋ ನನ್ನ ಮೇಲಿನ ಸಿಟ್ಟೂ ಅಷ್ಟೇ ಇದೆ. ಎರಡನ್ನೂ ಇವತ್ತು ಬರೆದು ಮುಗಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ಕಲಬುರಗಿಯಲ್ಲಿ ನರ್ಸಿಂಗ್ ಮೂರನೇ ವರ್ಷದಲ್ಲಿದ್ದೆ. ಕಾಲೇಜಿನಿಂದ ಹತ್ತು ಜನ ವಿದ್ಯಾರ್ಥಿಗಳು ಮೂರು ವಾರ ಕೀನ್ಯಾದ ಹಳ್ಳಿಗಳಿಗೆ ಹೋಗಿ, ಅಲ್ಲಿನ ತಾಯಿ-ಮಕ್ಕಳ ಆರೋಗ್ಯ ಶಿಬಿರದಲ್ಲಿ ಪುಕ್ಕಟೆ ಸೇವೆ ಮಾಡಿ ಬರುವುದೆಂದು ಗೊತ್ತಾಯಿತು. ಸೇವೆ ಪುಕ್ಕಟೆ, ಹೋಗುವುದು ಪುಕ್ಕಟೆಯಲ್ಲ. ವಿಮಾನ, ವೀಸಾ, ಲಸಿಕೆ ಎಲ್ಲ ಸೇರಿ ತಲೆಗೆ ಒಂದೂವರೆ ಲಕ್ಷ. ಅದನ್ನು ಅವರವರೇ ಹೊಂದಿಸಬೇಕು, ಹೊಂದಿಸದವರ ಜಾಗ ಮುಂದಿನವರಿಗೆ. ನನ್ನಪ್ಪ ಅಫಜಲಪುರದ ಅಡತಿ ಅಂಗಡಿಯೊಂದರಲ್ಲಿ ತೊಗರಿ ಚೀಲ ತೂಗುತ್ತಿದ್ದ. ಅವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದಳು. ಒಂದೂವರೆ ಲಕ್ಷ ಎಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಬೇಡ ಎನ್ನಲಿಲ್ಲ.

ನಾಲ್ಕು ತಿಂಗಳು ಸಮಯವಿತ್ತು. ಅಕ್ಕನ ಗಂಡನ ಮನೆಯಿರುವ ಆಳಂದ, ಚಿಕ್ಕಮ್ಮನ ಊರಾದ ಜೇವರ್ಗಿ, ನಮ್ಮ ಅಫಜಲಪುರ, ಮೂರೂ ಕಡೆ ತಿರುಗಿದೆ. ನಮ್ಮ ಭಾಗದಲ್ಲಿ ಹಣ ಕೇಳಲು ಹೋದವರಿಗೆ ಮೊದಲು ಸಿಗುವುದು ಶಾಲು. ಸಂಘದವರು, ಓಣಿಯವರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಕರೆದು ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದು, ಚಹಾ ಕುಡಿಸಿ ಕಳಿಸುತ್ತಿದ್ದರು. ಸುಡುಬಿಸಿಲಿನಲ್ಲಿ ಎಂಟು ಶಾಲು ಕೂಡಿದವು. ವಿಮಾನದವರು ಶಾಲು ತೆಗೆದುಕೊಂಡು ಟಿಕೆಟ್ ಕೊಡುವುದಿಲ್ಲ ಎಂದು ಯಾರಿಗೆ ಹೇಳುವುದು? ಕೊಟ್ಟವರೂ ಇದ್ದರು. ಕಲಿಸಿದ ಮಾಸ್ತರರು ಕೊಟ್ಟರು, ಔಷಧಿ ಅಂಗಡಿಯವರು ಕೊಟ್ಟರು. ಆಳಂದದಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಮಟಕಿ ಎಂಬ ಊರಿನ ಮುದುಕಿಯೊಬ್ಬಳು ನನ್ನ ಕಥೆ ಕೇಳಿ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟಳು. ಆಕೆ ಫೋಟೋ ತೆಗೆಸಿಕೊಳ್ಳಲಿಲ್ಲ. ಹನಿ ಹನಿ ಸೇರಿ ಒಂದು ಲಕ್ಷವಾಯಿತು. ಐವತ್ತು ಸಾವಿರ ಉಳಿಯಿತು.

ಆಗ ನಮ್ಮೂರಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭ ನಡೆಯಿತು. ಅಪ್ಪ ಹದಿನೆಂಟು ವರ್ಷ ದುಡಿದ ಅಂಗಡಿಯ ಸಾಹುಕಾರನೇ ಅಧ್ಯಕ್ಷ. ನನ್ನನ್ನು ವೇದಿಕೆಗೆ ಕರೆದು ಒಂಬತ್ತನೆಯ ಶಾಲು ಹೊದಿಸಿ, ಮೈಕು ಹಿಡಿದು, "ನಮ್ಮ ಅಂಗಡಿ ಮಗಳು. ಉಳಿದ ಐವತ್ತು ಸಾವಿರ ನಂದು!" ಎಂದ. ಚಪ್ಪಾಳೆಯೋ ಚಪ್ಪಾಳೆ. ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ಕು ತಂದು ನನ್ನ ಕೈಗೆ ಕೊಟ್ಟ. ಫೋಟೋದವನು ಎರಡು ಸಲ ಕೊಡಿಸಿದ. ಅದನ್ನು ಹೊತ್ತುಕೊಂಡು ಬಜಾರಿನಲ್ಲಿ ನಡೆದು ಮನೆಗೆ ಬಂದೆ. ಅಪ್ಪ ಅದನ್ನು ದೇವರ ಫೋಟೋಗಳ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿದ, ಅವ್ವ ಊದಿನಕಡ್ಡಿ ಬೆಳಗಿದಳು. ಈಗ ನಗು ಬರುತ್ತದೆ. ಆವತ್ತು ಯಾರೂ ನಗಲಿಲ್ಲ, ನಾನೂ ಕೈ ಮುಗಿದೆ. ಇಡೀ ಊರಿನೆದುರು ಮೈಕಿನಲ್ಲಿ ಆಡಿದ ಮಾತನ್ನು ಯಾರಾದರೂ ನುಂಗುತ್ತಾರೆಂದು ನಮಗೆ ಗೊತ್ತಿರಲಿಲ್ಲ.

ಅಸಲಿ ಹಣಕ್ಕೆಂದು ಅಂಗಡಿಗೆ ಹೋದೆ. "ನಾಳೆ ಬಾರವಾ" ಎಂದ. ನಾಳೆ ಹೋದರೆ ಮುನೀಮ ಬಂದಿಲ್ಲ. ಮತ್ತೊಂದು ದಿನ, "ತೊಗರಿ ರೇಟ್ ಬಿದ್ದದ, ಒಂದೀಟು ಏಳಲಿ." ರೇಟು ಎದ್ದಿತು, ಅವನು ಏಳಲಿಲ್ಲ. ಏಳನೆಯ ಸಲ ಹೋದಾಗ ಅಂಗಡಿ ತುಂಬ ಜನರಿದ್ದರು. ಅವನು ಎಲೆ ಅಡಿಕೆ ಉಗುಳಿ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಅಲ್ಲಬೇ, ಇಲ್ಲೇ ನಮ್ಮ ಯಡ್ರಾಮ್ಯಾಗ, ನೆಲೋಗ್ಯಾಗ ರೋಗಿ ಇಲ್ಲಂತ ಆಫ್ರಿಕಾಕ್ಕ ಹೊಂಟೀಯೇನು? ಸ್ಟೇಜ್ ಮ್ಯಾಲಿನ ಮಾತು ಸ್ಟೇಜ್ ಮ್ಯಾಲೇ ಇರಬೇಕು. ನಿಮ್ಮಪ್ಪನ್ನ ಕೇಳು, ಹದಿನೆಂಟು ವರ್ಷದಾಗ ಅವ ಒಮ್ಮೆರ ಹಿಂಗ ಕೈ ಒಡ್ಡ್ಯಾನೇನು?"

ಜನ ನಕ್ಕರು. ಅಪ್ಪ ಹತ್ತು ಹೆಜ್ಜೆ ಆಚೆ ತೂಕದ ಯಂತ್ರದ ಮುಂದೆ ನಿಂತಿದ್ದ. ತಲೆ ಎತ್ತಲಿಲ್ಲ. ಮುಳ್ಳನ್ನೇ ನೋಡುತ್ತ, "ಅರವತ್ತೊಂದು" ಎಂದು ಕೂಗಿ ಬರೆಸಿದ, ದಿನಾ ಕೂಗುವ ದನಿಯಲ್ಲೇ. ಕೊಡದಿದ್ದರೆ ಬಿಡಲಿ, ಅಪ್ಪನನ್ನು ಅಲ್ಲಿ ಹಾಗೆ ನಿಲ್ಲಿಸಿದ್ದಕ್ಕೆ ಇವನಿಗೆ ಬುದ್ಧಿ ಕಲಿಸದೆ ವಿಮಾನ ಹತ್ತುವುದಿಲ್ಲ ಎಂದು ಆ ಮೆಟ್ಟಿಲ ಮೇಲೇ ಆಣೆ ಮಾಡಿದೆ.

ಮನೆಗೆ ಬಂದು ಎಲ್ಲ ಹೇಳಿದೆ. ಅವ್ವ ಗೋಡೆಯ ಮೇಲಿನ ಚೆಕ್ಕು ಇಳಿಸಿ, ಹಿಟ್ಟಿನ ಪೀಪಾಯಿಗೆ ಮುಚ್ಚಳ ಮಾಡಿದಳು. ಆಮೇಲೆ ಪಕ್ಕದ ಮನೆಯ ಖಾಲಾಳನ್ನು ಕರೆದಳು. ಖಾಲಾ ಓಣಿಯ ಇನ್ನೂ ನಾಲ್ವರನ್ನು ಕರೆತಂದಳು. ಮದುವೆಗಳ ಕಾಲ, ಖಡಕ್ ರೊಟ್ಟಿ ಎಷ್ಟಿದ್ದರೂ ಬೇಕು. ಮೂರು ವಾರ ನಮ್ಮ ಅಂಗಳದಲ್ಲಿ ಆರು ಒಲೆ ಉರಿದವು. ಬೆಳಗಿನಿಂದ ಸಂಜೆಯವರೆಗೆ ರೊಟ್ಟಿ ಬಡಿಯುವ ಸಪ್ಪಳ. ಆಳಂದಕ್ಕೆ, ಜೇವರ್ಗಿಗೆ ಹೋಗುವ ಬಸ್ಸುಗಳ ಮೇಲೆ ರೊಟ್ಟಿಯ ಗಂಟುಗಳು ಹೋದವು. ಐವರಲ್ಲಿ ಒಬ್ಬರೂ ಕೂಲಿ ಮುಟ್ಟಲಿಲ್ಲ. ಅವ್ವನ ಅಂಗೈ ಸುಲಿದು ಕೆಂಪಾಗಿತ್ತು. ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲೇ ನಾನು ಕಾಲೇಜಿಗೆ ಹಣ ಕಟ್ಟಿದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಆಣೆ ಮಾಡಿದ್ದೆನಲ್ಲ.

ನಮ್ಮೂರಿನವಳೇ ಆದ ಹಾಸ್ಟೆಲಿನ ಗೆಳತಿಯನ್ನು ಕರೆದುಕೊಂಡು ಫ್ಲೆಕ್ಸ್ ಅಂಗಡಿಗೆ ಹೋದೆ. ಅವನು ನನಗೆ ರಟ್ಟಿನ ಚೆಕ್ಕು ಕೊಡುವ ಫೋಟೋ ಇತ್ತಲ್ಲ, ಅದನ್ನೇ ನಡುವೆ ಹಾಕಿಸಿದೆ. ಅವನ ಹೆಸರು ಮೊಳದುದ್ದದ ಅಕ್ಷರಗಳಲ್ಲಿ. ಕೆಳಗೆ ಹೀಗೆ ಬರೆಸಿದೆ: "ವಿದ್ಯಾರ್ಥಿನಿಯ ವಿದೇಶ ಸೇವೆಗೆ ಐವತ್ತು ಸಾವಿರ ಕೊಟ್ಟ ಕೊಡುಗೈ ದೊರೆಗೆ ಕೋಟಿ ನಮನ. ಕೇಳಿದವರಿಗೆ ಇಲ್ಲ ಎನ್ನದ ದೊಡ್ಡ ಮನಸ್ಸು. ನೆರವು ಬೇಕಾದವರು ಬೆಳಿಗ್ಗೆ ಹತ್ತರಿಂದ ಅಂಗಡಿಯಲ್ಲಿ ಕಾಣಬಹುದು." ಮೂರು ಪ್ರತಿ ಮಾಡಿಸಿದೆ. ಒಂದು ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ, ಒಂದು ಅವನ ಬೀಗರಿರುವ ಆಳಂದದಲ್ಲಿ, ಒಂದು ಅವನ ಎರಡನೆಯ ಅಂಗಡಿಯಿರುವ ಜೇವರ್ಗಿಯಲ್ಲಿ. ಕಟ್ಟಿಸಿದ ಮರುದಿನವೇ ವಿಮಾನ ಹತ್ತಿದೆ.

ಕೀನ್ಯಾದಲ್ಲಿ ನನ್ನ ಕೆಲಸ ಕೂಸುಗಳನ್ನು ತೂಗುವುದು. ಮರದ ಕೊಂಬೆಗೆ ತಕ್ಕಡಿ ಕಟ್ಟಿ, ಕೂಸನ್ನು ಚೀಲದಂಥ ಚಡ್ಡಿಯಲ್ಲಿ ಕೂರಿಸಿ, ತೂಕ ಕೂಗಿ ಬರೆಸುತ್ತಿದ್ದೆ. ನನ್ನ ಕೂಗು ಥೇಟ್ ಅಪ್ಪನದೇ ಎಂದು ಮೊದಲ ದಿನವೇ ಗೊತ್ತಾಯಿತು. ಬಿಡುವಾದಾಗ ಗೆಳತಿ ಫೋನಿನಲ್ಲಿ ಊರಿನ ಸುದ್ದಿ ಹೇಳುತ್ತಿದ್ದಳು. ಸಾಹುಕಾರನ ಅಂಗಡಿ ಮುಂದೆ ಬೆಳಿಗ್ಗೆ ಒಂಬತ್ತಕ್ಕೇ ಜನರ ಸಾಲು, ಉದ್ದದ ಪಾಳಿ. ಕ್ರಿಕೆಟ್ ಟೂರ್ನಮೆಂಟಿನ ಹುಡುಗರು, ಭಜನೆ ಮೇಳದವರು, ಉರುಸಿನ ಕಮಿಟಿಯವರು, ಮಂಡಿ ಚಿಪ್ಪು ಬದಲಿಸಬೇಕಾದವರು, ಮಗಳ ಮದುವೆಯವರು. ಮೊದಲ ಬಸ್ಸಿಗೇ ಆಳಂದದಿಂದ ಬಂದು ಇಳಿಯುತ್ತಿದ್ದರು. ಬೀಗರೇ ಯಾರದೋ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರಂತೆ. ಫ್ಲೆಕ್ಸ್ ಇಳಿಸಿದರೆ ಕೊಟ್ಟಿಲ್ಲವೆಂದು ಒಪ್ಪಿಕೊಂಡ ಹಾಗೆ, ಬಿಟ್ಟರೆ ಪಾಳಿ ಕರಗುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಮರದ ಕೆಳಗೆ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಅಷ್ಟು ಖುಷಿ ನನಗೆ ಪಾಸಾದಾಗಲೂ ಆಗಿರಲಿಲ್ಲ.

ಎಲ್ಲಕ್ಕಿಂತ ಸಿಹಿಯಾದದ್ದನ್ನು ಅವ್ವ ಹೇಳಿದಳು. ಸಾಹುಕಾರ ಅಪ್ಪನನ್ನು ಕರೆದು, "ಯಾರ್ಲೇ ಇದನ್ನ ಹಾಕಿದವ್ರು?" ಎಂದು ಕೇಳಿದನಂತೆ. ಅಪ್ಪ ಮೊದಲ ಸಲ ಮುಳ್ಳಿನಿಂದ ಕಣ್ಣೆತ್ತಿ, "ಗೊತ್ತಿಲ್ರಿ. ಅದ್ರಾಗೇನು ಸುಳ್ಳದ, ಹೇಳ್ರಲ್ಲ?" ಎಂದನಂತೆ.

ಆದರೆ ಅವನು ವ್ಯಾಪಾರಿ. ಲುಕ್ಸಾನಿನ ಮಾಲನ್ನೂ ಲಾಭಕ್ಕೆ ಮಾರಲು ಕಲಿತವನು. ಎರಡೇ ವಾರಕ್ಕೆ ದಾರಿ ಕಂಡುಕೊಂಡ. ಪಾಳಿಯವರಿಗೆ ತಲಾ ನೂರು ರೂಪಾಯಿ, ಒಂದು ಶಾಲು, ಒಂದು ಫೋಟೋ. ಫೋಟೋಗಳೆಲ್ಲ ಮೊಬೈಲಿನಲ್ಲಿ ಊರೂರು ಹರಿದಾಡಿದವು. ನನ್ನ ಫ್ಲೆಕ್ಸುಗಳನ್ನು ಇಳಿಸಿ, ಅದೇ ಫೋಟೋ, ಅದೇ ಹೆಸರು ಇಟ್ಟು, ಎರಡರಷ್ಟು ದೊಡ್ಡದಾಗಿ ತನ್ನ ಖರ್ಚಿನಲ್ಲೇ ಹೊಸದು ಮಾಡಿಸಿ ಕಟ್ಟಿಸಿದ. ಅಂಗಡಿಯಲ್ಲಿ ಕಾಣಬಹುದು ಎಂಬ ಸಾಲು ಮಾತ್ರ ಅದರಲ್ಲಿ ಇರಲಿಲ್ಲ.

ನಾನು ವಾಪಸ್ಸು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಹಲಗೆ ಬಾರಿಸುವವರನ್ನು ಕರೆಸಿ, ಹಾರ ಹಿಡಿದು ಅವನೇ ನಿಂತಿದ್ದ. ನೂರಾರು ಜನ. ಹಾರ ಹಾಕುವಾಗ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ: "ಮೂರು ಫ್ಲೆಕ್ಸಿನ ಬಿಲ್ ಎಷ್ಟಾಗ್ಯಾದ, ಕಳಿಸವಾ. ಅದನ್ನ ಮಾತ್ರ ಖರೇನೇ ಕೊಡ್ತೇನಿ."

ಮೈ ಉರಿದುಹೋಯಿತು. ಅಷ್ಟರಲ್ಲಿ ಮೈಕು ಕೈಗೆ ಬಂತು. ಗುಂಪಿನ ಹಿಂದೆ ಅವ್ವ, ಖಾಲಾ, ಅಪ್ಪ ನಿಂತಿದ್ದರು. ಖಾಲಾಳ ಕುಪ್ಪಸದ ತೋಳಿಗೆ ಹಿಟ್ಟು ಹತ್ತಿತ್ತು. ಇವನು ಕೊಟ್ಟಿಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಫ್ಲೆಕ್ಸ್ ಸುಳ್ಳು ಎಂದ ಹಾಗೆ, ಅದನ್ನು ಕಟ್ಟಿಸಿದವಳು ನಾನು ಎಂದು ಒಪ್ಪಿಕೊಂಡ ಹಾಗೆ. ಸುಳ್ಳುಬುರುಕಿ ಎಂಬ ಹೆಸರಿಗೆ ಹೆದರಿದೆ. "ಸಾಹುಕಾರ್ರಿಗೆ ಧನ್ಯವಾದ" ಎಂದೆ. ಮೂರು ಶಬ್ದ ಕೂಡ ಅಲ್ಲ, ಎರಡೇ. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಖಾಲಾ ತಡೆದುಕೊಳ್ಳಲಿಲ್ಲ. "ಅರೇ ಬೇಟಿ, ರೊಟ್ಟಿ ಬಡದವ್ರು ನಾವು, ಹಾರ ಹಿಡದವ ಅವ. ನಿನ್ನ ಅಕಲ್ ಅಲ್ಲೇ ಆಫ್ರಿಕಾದಾಗ ಬಿಟ್ಟು ಬಂದಿಯೇನು?"

ಅವ್ವ ಒಲೆ ಹೊತ್ತಿಸಲು ಹೋದಳು. ಅಪ್ಪ ಮಾತ್ರ ಹೊಸ್ತಿಲ ಮೇಲೆ ಕುಳಿತು, "ನಾ ಒಂದೇ ಸಲ ಬಾಯಿ ತೆರದಿದ್ದೆ ಬೇ. ನೀ ಅದನ್ನೂ ಉಳಸಲಿಲ್ಲ" ಎಂದ. ಮರುದಿನದಿಂದ ಆ ಅಂಗಡಿಗೆ ಅವನು ಹೋಗಲಿಲ್ಲ. ಈಗ ಅವ್ವನ ರೊಟ್ಟಿಗೆ ಜೋಳ ತರುವುದು, ಹಿಟ್ಟು ತೂಗುವುದು, ಗಂಟು ಕಟ್ಟುವುದು ಅವನ ಕೆಲಸ. ನನಗೆ ಅವನು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ, ಅದೇ ಇಷ್ಟು ವರ್ಷ ಚುಚ್ಚಿದೆ.

ಜೇವರ್ಗಿಯ ಊಟದಲ್ಲಿ ಆ ಹಿರಿಯರು ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನೀರು ಕುಡಿದು, ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದೆ: "ಅಲ್ರಿ ಅಜ್ಜಾರ. ಆ ಸಾಹುಕಾರ ಒಂದು ರೂಪಾಯಿ ಕೊಟ್ಟಿಲ್ಲ. ಮೊದಲಿನ ಫ್ಲೆಕ್ಸ್ ಹಾಕಿಸಿದಾಕಿ ನಾನು, ಸುಳ್ಳು ಬರಸಿದಾಕಿನೂ ನಾನು. ನನ್ನ ಕಳಿಸಿದ್ದು ನಿಮ್ಮ ಕೈಯಾಗಿನ ರೊಟ್ಟಿರಿ. ನಮ್ಮವ್ವ, ನಮ್ಮ ಓಣಿ ಹೆಣ್ಣುಮಕ್ಕಳು ಬಡದಿದ್ದು."

ಬಡಿಸುವವನು ಕೂಡ ನಿಂತು ಕೇಳಿದ. ಹಿರಿಯರು ರೊಟ್ಟಿಯನ್ನು ತಿರುವಿ ಮುರುವಿ ನೋಡಿದರು. "ಹಂಗಾದ್ರ ಇನ್ನೊಂದು ಹಾಕ್ರಪಾ" ಎಂದರು. ಸಂಜೆಯೊಳಗೆ ಆ ಮಾತು ನನಗಿಂತ ಮೊದಲು ಅಫಜಲಪುರಕ್ಕೆ ಬಂದು ಮುಟ್ಟಿತ್ತು. ಸಾಹುಕಾರನ ಮಗ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಪೂರ್ತಿ ಕೇಳಿಸಿಕೊಂಡೆ, ಹಾಡು ಕೇಳಿದಷ್ಟು ಹಿತವಾಗಿತ್ತು.

ಅವತ್ತೇ ಇದನ್ನು ಬರೆಯಲು ಕುಳಿತೆ. ಮೊದಲ ಸಾಲಿನಲ್ಲೇ ಅವನ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು ಎಲ್ಲ ಬರೆದೆ. ಬಿಸಿಬಿಸಿಯಾಗಿ ಅಪ್ಪನಿಗೆ ಓದಿ ತೋರಿಸಿದೆ. ಅವನು ಹಿಟ್ಟು ತೂಗುತ್ತಿದ್ದವನು ಮುಳ್ಳು ನಿಲ್ಲುವ ತನಕ ಕಾದು, ಆಮೇಲೆ ನನ್ನನ್ನೇ ನೋಡಿ ಹೇಳಿದ:

"ಹೆಸರು ಹೊಡದು ಹಾಕು ಬೇ. ಓದಿದವ್ರು ಯಾರರ ಹೋಗಿ ಅವಗ ಇನ್ನೊಂದು ಶಾಲು ಹೊಚ್ಚ್ಯಾರು."

ಹೊಡೆದು ಹಾಕಿದ್ದೇನೆ.