ಮುಚ್ಚಿದ ಗೂಡಿನ ಮೇಲಿನ ಕಪಾಟು

ವೀಣಾ, ಆ ಕಪಾಟು ನಿನ್ನ ತಪ್ಪಿನಿಂದ ಬೀಳಲಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದವಳು ನಾನು — ಈ ಮನೆಯ ಹಿರಿಯ ಸೊಸೆ, ನಿನ್ನ ನೆಗೆಣ್ಣಿ. ಏಳು ವರ್ಷವಾಯಿತು, ಇವತ್ತು ಬರೆಯುತ್ತಿದ್ದೇನೆ.

ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನೀನು ಬೆಳಗಾವಿಯಲ್ಲಿ ನೌಕರಿ ಮಾಡುತ್ತ ರವಿವಾರಕ್ಕೊಮ್ಮೆ ಖಾನಾಪುರಕ್ಕೆ ಬರುತ್ತಿದ್ದೆ. ಬಂದರೆ ಅತ್ತೆಯ ಮುಖವೇ ಬೇರೆ. ದಿನವೂ ಕಣ್ಣೆದುರಿಗಿದ್ದವಳು ನಾನು — ಹಿತ್ತಲ ಗಿಡ ಮದ್ದಲ್ಲ. ಅಡುಗೆಮನೆಗೆ ಗೋಡೆ ಕಪಾಟು ಬೇಕೆಂದು ಎರಡು ವರ್ಷ ಗೋಗರೆದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀನೋ, ಕಪಾಟು, ಡ್ರಿಲ್ ಮಷಿನ್ ಎರಡನ್ನೂ ತಂದು, ಸೆರಗು ಸಿಕ್ಕಿಸಿ ಸ್ಟೂಲು ಹತ್ತಿದೆ. "ನೋಡ್ರಿ, ಗಂಡಸರಿಗೂ ಬರೂದಿಲ್ಲ ಹಿಂಗ," ಎಂದು ಅತ್ತೆ ಓಣಿಯವರನ್ನೆಲ್ಲ ಕರೆದು ತೋರಿಸಿದರು.

ಬಲಗಡೆಯ ತೂತಿನಿಂದ ಕೆಂಪು ಮಣ್ಣು ಉದುರಿತು. ನೀನು ತಿರುಗಿ ನನ್ನನ್ನೇ ಕೇಳಿದೆ: "ಅಕ್ಕಾ, ಮಣ್ಣ ಬರಾಕತ್ತೈತಿ. ಒಳಗ ಪೊಳ್ಳ ಇಲ್ಲಲ್ರಿ?"

ಇತ್ತು. ಹಿಂದೆ ಚಿಮಣಿ ದೀಪ ಇಡುತ್ತಿದ್ದ ಗೂಡು ಅಲ್ಲಿತ್ತು. ನೀನು ಈ ಮನೆಗೆ ಬರುವ ಮೊದಲು ನಾನೇ ಅದಕ್ಕೆ ಹೆಂಚಿನ ಚೂರು, ಮಣ್ಣು ತುಂಬಿ, ಮೇಲೆ ಸಿಮೆಂಟು ಸವರಿ ಮುಚ್ಚಿದ್ದೆ.

"ಹಳೇ ಗ್ವಾಡಿ ಹಂಗ. ಗಟ್ಟಿ ಐತಿ, ಹೊಡಿ ನೀ," ಅಂದೆ.

ಕಪಾಟು ಸ್ವಲ್ಪ ಜೋಲಲಿ, ನಿನ್ನ ಜಂಬ ಇಳಿಯಲಿ — ಅಷ್ಟೇ ಅಂದುಕೊಂಡಿದ್ದೆ. ಹದಿನೈದು ದಿನಕ್ಕೆ ಅದು ಕಳಚಿ ಅತ್ತೆಯ ಮೇಲೆ ಬಿತ್ತು. ಅವರ ಬಲಗೈ ಮುರಿಯಿತು. "ಹೆಂಗಸರಿಗ್ಯಾಕ ಬೇಕಿತ್ತು ಈ ಉಸಾಬರಿ?" ಎಂದು ನಿನ್ನ ಗಂಡ ಎಲ್ಲರೆದುರು ಬೈದ. ನೀನು ಅತ್ತೆಯ ಕಾಲು ಹಿಡಿದು ಕಣ್ಣೀರು ಹಾಕಿದೆ. ನಿನ್ನ ಬೆನ್ನು ಸವರಿ ಸಮಾಧಾನ ಮಾಡಿದವಳೂ ನಾನೇ — ಹೇಗೆ ಮಾಡಿದೆನೋ.

ಆಮೇಲೆ ನೀನು ಆ ಮಷಿನ್ ಮುಟ್ಟಲಿಲ್ಲ. ಈಗ ಕ್ಯಾಲೆಂಡರಿಗೆ ಮೊಳೆ ಹೊಡೆಯಲೂ ಆಳನ್ನು ಕರೆಯುತ್ತೀಯಂತೆ.

ಇನ್ನೊಂದಿದೆ — ಅದನ್ನೂ ಹೇಳಿಬಿಡುತ್ತೇನೆ. ಕೈ ಕೂಡುವವರೆಗೆ ಅತ್ತೆಗೆ ನಾನೇ ಉಣಿಸಿದೆ. ಒಂದು ದಿನ ತುತ್ತು ನುಂಗಿ, "ಖರೇ ಸೊಸಿ ಅಂದ್ರ ನೀನ ನೋಡ," ಅಂದರು. ಆ ಒಂದು ಮಾತಿಗಾಗಿ ಜೀವ ತೇಯ್ದವಳು ನಾನು. ಬೇಡ ಎನ್ನಲಿಲ್ಲ. ಇವತ್ತಿನವರೆಗೂ ಇಟ್ಟುಕೊಂಡಿದ್ದೇನೆ.

ಈ ರವಿವಾರ ನೀನು ಬಂದಾಗ ಅವರೆದುರಿಗೇ ಎಲ್ಲವನ್ನೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅತ್ತೆ ಆ ಮಾತನ್ನು ನನ್ನಿಂದ ಹಿಂದಕ್ಕೆ ಪಡೆಯುವಾಗ ನೀನು ಅಲ್ಲಿರಬೇಕು, ಅಷ್ಟೇ.