ಸೆಲ್ಲಿಲ್ಲದ ವಿಡಿಯೋ ಗೇಮ್

ಕಳೆದ ತಿಂಗಳು ಮಗನಿಗೆ ಕಂಪಾಸ್ ಬಾಕ್ಸ್ ಕೊಡಿಸಲು ಹೊಸಪೇಟೆಯ ಬಜಾರಿಗೆ ಹೋಗಿದ್ದೆ. ಅಪ್ಪನೂ ಜೊತೆಗಿದ್ದ. ಅಂಗಡಿಯ ಮುಂದೆ ಹಗ್ಗಕ್ಕೆ ನೇತುಹಾಕಿದ ಆಟಿಕೆಗಳ ನಡುವೆ ಅದು ಕಂಡಿತು. ಅಂಗೈಯಗಲದ ಹಳದಿ ವಿಡಿಯೋ ಗೇಮ್, ಬಣ್ಣವಿಲ್ಲದ ಸಣ್ಣ ಪರದೆ, ಮೇಲಿನಿಂದ ಇಟ್ಟಿಗೆಗಳು ಬೀಳುವ ಅದೇ ಹಳೆಯ ಆಟ. ಮೊಬೈಲ್ ಬಂದ ಮೇಲೆ ಇವುಗಳ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮಗ ಗುಂಡಿ ಒತ್ತಿದ. ಆ ಕೀರಲು ಸಂಗೀತ ಕೇಳಿದ್ದೇ ತಡ, ಪಾಪಿನಾಯಕನಹಳ್ಳಿಯ ರಸ್ತೆ ಬದಿಯ ನಮ್ಮ ಪಂಚರ್ ಅಂಗಡಿ ಕಣ್ಣ ಮುಂದೆ ಬಂತು.

“ಅದನ್ನ ಅಲ್ಲೇ ಇಡ್ಲೇ,” ಎಂದ ಅಪ್ಪ ಮೊಮ್ಮಗನಿಗೆ. “ನಮ್ಮೂರಾಗ ಒಬ್ಬ ಡ್ರೈವರ್ ಇದನ್ನ ಆಡ್ಕೋತ ಲಾರಿ ಹೊಡದು ಸತ್ತ. ಕೆಟ್ಟ ಚಟ ಅದು.”

ನನ್ನ ಮೈ ಉರಿದುಹೋಯಿತು. ಊರವರು ಈ ಮಾತು ಹೇಳಿದರೆ ಸಹಿಸಿಕೊಳ್ಳಬಹುದು, ಪಾಪ, ಅವರಿಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಡ್ರೈವರ್ ನಮ್ಮ ಪಕ್ಕದ ಮನೆಯವನು. ಸಂಬಂಧವೇನೂ ಇರಲಿಲ್ಲ, ಆದರೂ ನನಗೆ ಅವನು ಡ್ರೈವರ್ ಮಾಮ, ಅವನ ಹೆಂಡತಿ ಅತ್ತಿ. ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಲಾರಿಗಳು ಹಗಲೂ ರಾತ್ರಿ ಇಳಿಯುತ್ತಿದ್ದವು. ಅಮ್ಮ ಮಾಳಿಗೆಯ ಮೇಲೆ ಹಾಕಿದ ಸಂಡಿಗೆ ಒಣಗುವ ಮುಂಚೆಯೇ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಮಾಮ ಒಬ್ಬ ಮಾಲೀಕನ ಲಾರಿ ಓಡಿಸುತ್ತಿದ್ದ. ಆ ಮಾಲೀಕನ ಅಷ್ಟೂ ಲಾರಿಗಳ ಟೈರಿನ ಕೆಲಸ ಅಪ್ಪನದು. ನಾವು ಮೂರು ಹೊತ್ತು ಉಂಡಿದ್ದು, ನಾನು ಹೈಸ್ಕೂಲಿಗೆ ಹೋಗಿದ್ದು ಎಲ್ಲ ಅದರಿಂದಲೇ.

ಗಣಿಯಲ್ಲಿ ಲೋಡ್ ಸಿಗುವುದಕ್ಕೆ ಲಾರಿಗಳು ಒಂದೊಂದು ಸಲ ಎರಡು ದಿನ ಸಾಲಿನಲ್ಲಿ ನಿಲ್ಲುತ್ತಿದ್ದವು. ಕಣ್ಣು ಹತ್ತಿ ಮುಂದಿನ ಲಾರಿ ಸರಿದದ್ದು ತಿಳಿಯದಿದ್ದರೆ ಹಿಂದಿನವನು ನುಗ್ಗಿ ಹೋಗುತ್ತಿದ್ದ. ಸರದಿ ತಪ್ಪಿದವನು ಮತ್ತೆ ಕೊನೆಗೆ ಹೋಗಿ ನಿಲ್ಲಬೇಕು. ಕೆಲವರು ಇಸ್ಪೀಟು ಹಾಕುತ್ತಿದ್ದರು, ಕೆಲವರು ಕುಡಿಯುತ್ತಿದ್ದರು. ಮಾಮ ಎರಡನ್ನೂ ಮುಟ್ಟಿದವನಲ್ಲ. ಎಚ್ಚರವಾಗಿರಲಿಕ್ಕೆ ಅಂತ ಈ ವಿಡಿಯೋ ಗೇಮ್ ಕೊಂಡಿದ್ದ.

ಮನೆಗೆ ಬಂದ ದಿನ ಕಟ್ಟೆಯ ಮೇಲೆ ಕುಂತು ಅದನ್ನು ನನ್ನ ಕೈಗೆ ಕೊಡುತ್ತಿದ್ದ. ಬೀಳುವ ಇಟ್ಟಿಗೆಗಳಿಗೆಲ್ಲ ಅವನೇ ಹೆಸರಿಟ್ಟಿದ್ದ. ಉದ್ದದ್ದು ಹಾರೆ, ಚೌಕದ್ದು ಪೆಟ್ಟಿಗೆ, ಮೂಲೆ ಇರುವುದು ಗುದ್ದಲಿ. ಹಾರೆ ಬರುತ್ತದೆ ಎಂದು ಒಂದು ಸಂದು ಬಿಟ್ಟು ಕಾಯುತ್ತ ಕಾಯುತ್ತ ಪ್ರತಿ ಸಲ ಸೋಲುತ್ತಿದ್ದ. ನಾನು ನಕ್ಕರೆ, “ಬರ್ತೈತಿ ಬಿಡವ್ವ, ಕಾಯೂದು ನನಗ ಹೊಸದಲ್ಲ,” ಅನ್ನುತ್ತಿದ್ದ. ಅದರಲ್ಲಿ ಕಾರು ಓಡಿಸುವ ಆಟವೂ ಇತ್ತು. ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅವನ ಮೇಲೆ ನನಗೆ ಒಂದೇ ಒಂದು ಸಿಟ್ಟಿತ್ತು. ಲಾರಿ ಹತ್ತುವ ಮುಂಚೆ ಹಿಂದಿನ ಮುಚ್ಚಳ ತೆಗೆದು ಎರಡೂ ಸೆಲ್ಲುಗಳನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸೆಲ್ಲು ತೆಗೆದರೆ ನಾನು ಕಷ್ಟಪಟ್ಟು ಮಾಡಿದ ಸ್ಕೋರ್ ಅಳಿಸಿ ಸೊನ್ನೆಯಾಗುತ್ತಿತ್ತು. ಒಮ್ಮೆ ಜಗಳವಾಡಿದೆ. “ಗಾಡಿ ಚಾಲೂ ಆದ ಮ್ಯಾಲೆ ಇದಕ್ಕ ಜೀವ ಇರಬಾರದು,” ಎಂದ. “ನಿನ್ನ ಸ್ಕೋರ್ ನಾಳೆ ಮತ್ತ ಆಗ್ತೈತಿ.” ಒಂದು ದಿನವೂ ಅದನ್ನು ತಪ್ಪಿಸಿದ್ದು ನಾನು ನೋಡಿಲ್ಲ.

ಊರಲ್ಲಿ ಅವನಿಗೆ ಗೇಲಿ ತಪ್ಪಿದ್ದಲ್ಲ. ಮೀಸೆ ಬಂದವನಿಗೆ ಮಕ್ಕಳ ಆಟ ಬೇಕೇ ಎಂದು ಅರಳಿಕಟ್ಟೆಯಲ್ಲಿ ಬೆಳಗಿನಿಂದ ಇಸ್ಪೀಟು ಹಿಡಿದು ಕುಂತವರೇ ಕೇಳುತ್ತಿದ್ದರು. ಕಣ್ಣು ಹೋಗುತ್ತದೆ, ಬುದ್ಧಿ ಮಂಕಾಗುತ್ತದೆ ಎಂದು ಉಪದೇಶ ಬೇರೆ. ನಾಲ್ಕು ಜನ ಸೇರಿ ಆಡಿದರೆ ಕಾಲಕ್ಷೇಪ, ಒಬ್ಬನೇ ಅಂಗೈಯಲ್ಲಿ ಹಿಡಿದು ಆಡಿದರೆ ಚಟ... ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದೆ. ಒಂದು ಬೆಳಿಗ್ಗೆ ಮಾಮನ ಲಾರಿ ಅಂಗಡಿಗೆ ಬಂತು. ಅಪ್ಪ ಮುಂದಿನ ಎಡಗಡೆ ಟೈರಿನ ಮೇಲೆ ಕೈಯಾಡಿಸಿ ಮಾಲೀಕನ ಮ್ಯಾನೇಜರನನ್ನು ಕರೆದ. “ನೋಡ್ರಿ, ನೂಲು ಕಾಣಾಕತ್ತೈತಿ. ಲೋಡ್ ಹಾಕ್ಕೊಂಡು ಇಳಿವಾಗ ಸಿಡಿತೈತಿ ಇದು.”

“ಇನ್ನೊಂದು ತಿಂಗಳು ಓಡ್ಲಿ ಬಿಡು,” ಎಂದ ಮ್ಯಾನೇಜರ್.

ಮಾಮ ಆ ಟೈರನ್ನೊಮ್ಮೆ ಕಾಲಿನಿಂದ ಒದ್ದು ನೋಡಿ ಲಾರಿ ಹತ್ತಿದ. ಅದೇ ವಾರ ಮಾಲೀಕ ಎರಡು ಹೊಸ ಲಾರಿ ತಂದು ಚೆಂಡುಹೂವಿನ ಹಾರ ಹಾಕಿ ಬೀದಿಯ ತುಂಬ ಮೆರೆಸಿದ್ದ. ಹಾರಕ್ಕಿದ್ದ ದುಡ್ಡು ಟೈರಿಗೆ ಇರಲಿಲ್ಲ.

ಹದಿನೈದು ದಿನವೂ ಆಗಲಿಲ್ಲ. ಸಂಡೂರಿನ ಕಡೆಯಿಂದ ಇಳಿಯುವಾಗ ತಿರುವಿನಲ್ಲಿ ಆ ಟೈರು ಸಿಡಿದು ಲಾರಿ ಪಲ್ಟಿ ಹೊಡೆಯಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಮಾಮ ಅಲ್ಲೇ ಸತ್ತಿದ್ದ.

ಮ್ಯಾನೇಜರ್ ನೇರ ನಮ್ಮ ಅಂಗಡಿಗೆ ಬಂದು, ಸೇರಿದ ಜನರೆದುರು ಬೆಂಚಿನ ಮೇಲೆ ವಿಡಿಯೋ ಗೇಮ್ ಇಟ್ಟ. ಒಂದು ಮೂಲೆ ಒಡೆದಿತ್ತು. “ನೋಡ್ರಿ, ಕ್ಯಾಬಿನ್ನಾಗ ಸಿಕ್ಕೈತಿ. ಇದನ್ನ ಆಡ್ಕೋತ ಹೊಡದಾನ ಮಗ.” ಜನ ತಲೆಯಾಡಿಸಿದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು, ಆ ಮೇಕೆ ಆಗಲೇ ಸತ್ತು ಮಲಗಿತ್ತು. ಸಿಡಿದ ಟೈರಿನ ಬಗ್ಗೆ ಯಾರೂ ಕೇಳಲಿಲ್ಲ.

ನಾನು ಅದನ್ನು ಎತ್ತಿಕೊಂಡೆ. ಹಗುರವಾಗಿತ್ತು. ಹಿಂದಿನ ಮುಚ್ಚಳ ಬಿಗಿಯಾಗಿ ಕೂತಿತ್ತು. ಉಗುರಿನಿಂದ ಎಬ್ಬಿಸಿದೆ. ಒಳಗೆ ಎರಡು ಸ್ಪ್ರಿಂಗು ಬಿಟ್ಟರೆ ಏನೂ ಇರಲಿಲ್ಲ.

“ಅಪ್ಪ, ಸೆಲ್ಲಿಲ್ಲ,” ಎಂದೆ ಮೆಲ್ಲಗೆ.

ಅಪ್ಪ ನೋಡಿದ. ಚೆನ್ನಾಗಿ ನೋಡಿದ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮುಚ್ಚಳ ಒತ್ತಿ ಮ್ಯಾನೇಜರನಿಗೆ ವಾಪಸ್ ಕೊಟ್ಟ. “ಒಳಗ ಹೋಗು ನೀನು,” ಎಂದ ನನಗೆ. ನಾನು ಹೋದೆ.

ಹೆಣ ಮನೆಗೆ ಬಂದಾಗ ಅತ್ತಿ ಮೊದಲು ಅತ್ತಳು. ಆಮೇಲೆ ಯಾರೋ ಆಟದ ವಿಷಯ ಹೇಳಿ ಅದನ್ನು ಅವಳ ಕೈಗೆ ಕೊಟ್ಟರು. ಅವಳ ಅಳು ನಿಂತೇಹೋಯಿತು. “ಮಕ್ಕಳ ಆಟಕ್ಕ ನನ್ನ ಬೀದಿಗೆ ತಂದ್ಯಾ?” ಎಂದು ಹೆಣವನ್ನು ಕೇಳಿದಳು. ಎದ್ದುಹೋಗಿ ವಿಡಿಯೋ ಗೇಮನ್ನು ತಿಪ್ಪೆಗೆ ಎಸೆದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಸೆಲ್ಲಿನ ವಿಷಯ ಹೇಳಲೆಂದು ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿದೆ... ಹೊರಗೆ ಅಪ್ಪ ಚಟ್ಟ ಕಟ್ಟುತ್ತಿದ್ದ. ತಿಥಿಯ ದಿನಗಳು ಮುಗಿದ ಮೇಲೆ ಅತ್ತಿಯ ಅಣ್ಣ ಬಂದು ಅವಳನ್ನು ತವರಿಗೆ, ಮೆಟ್ರಿಗೆ ಕರೆದುಕೊಂಡು ಹೋದ. ಗಂಡನ ಅಂಗಿಯೊಂದನ್ನೂ ಅವಳು ಒಯ್ಯಲಿಲ್ಲ.

ಅವತ್ತು ಬಜಾರಿನಿಂದ ಮನೆಗೆ ಬಂದ ಮೇಲೆ, ಮಗನ ಎದುರಿಗೇ ಅಪ್ಪನನ್ನು ಕೇಳಿದೆ. “ಆ ಟೈರಿನ ನೂಲು ತೋರಿಸಿದಾವ ನೀನ ಅಲ್ಲನು? ಸೆಲ್ ಇರಲಿಲ್ಲಂತ ನೋಡಿದಾವ ನೀನ ಅಲ್ಲನು?”

“ಅವಾಗ ನಾ ಬಾಯಿ ಬಿಟ್ಟಿದ್ರ,” ಎಂದ ಅಪ್ಪ, “ನೀನು ಕಾಲೇಜು ಮೆಟ್ಟಲಾ ಹತ್ತತಿರಲಿಲ್ಲ.”

ಅದು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಸುಮ್ಮನಿದ್ದದ್ದನ್ನು ಹೇಗೋ ಕ್ಷಮಿಸಬಹುದು. ಇಷ್ಟು ವರ್ಷ ಅದೇ ಸುಳ್ಳನ್ನು ನೀತಿಪಾಠ ಮಾಡಿ ನನ್ನ ಮಗನ ಕಿವಿಗೆ ಊದಲು ಹೊರಟದ್ದನ್ನು ಹೇಗೆ ಕ್ಷಮಿಸಲಿ? ಅಪ್ಪ ಹೆದರಿದ್ದ, ನಿಜ. ಆದರೆ ನಾನು? ಓದು ಮುಗಿದು ಹೊಸಪೇಟೆಯಲ್ಲೇ ಕೆಲಸ ಸಿಕ್ಕಿ, ಗಣಿಗಳು ನಿಂತು ಆ ಮಾಲೀಕನ ಲಾರಿಗಳೆಲ್ಲ ತುಕ್ಕು ಹಿಡಿದ ಮೇಲೂ ನಾನು ಯಾರಿಗೆ ಹೆದರುತ್ತಿದ್ದೆ?

ಮುಂದಿನ ಭಾನುವಾರ ಕಂಪ್ಲಿಯ ಬಸ್ಸು ಹತ್ತಿದೆ. ಅಲ್ಲಿಂದ ಮೆಟ್ರಿ. ಬೆಳಿಗ್ಗೆ ತಿಂಡಿ ತಿಂದು ಹೊರಟವಳು ಮಧ್ಯಾಹ್ನದ ಊಟಕ್ಕೆ ಮುಂಚೆ ಅತ್ತಿಯ ಅಣ್ಣನ ಮನೆಯ ಮುಂದಿದ್ದೆ. ಅವನ ಸೊಸೆ ನೀರು ಕೊಟ್ಟು ಕೂರಿಸಿದಳು. ಅತ್ತಿ ತೀರಿಕೊಂಡು ಎರಡು ವರ್ಷವಾಗಿತ್ತು.

“ಸಾಯೂತನಕ ಗಂಡನ ಫೋಟೋ ಗ್ವಾಡಿಗೆ ಹಾಕಾಕ ಬಿಡಲಿಲ್ಲರೀ,” ಎಂದಳು ಆಕೆ. “ಆಟಕ್ಕ ಜೀವ ಕೊಟ್ಟೋನು ನನಗೇನ್ ಕೊಟ್ಟ ಅಂತಿದ್ಲು.”

ನಾನು ಎಲ್ಲವನ್ನೂ ಹೇಳಿದೆ. ಟೈರು, ಸೆಲ್ಲು, ಅಪ್ಪ, ನಾನು... ಮುಗಿದ ಮೇಲೆ ಆಕೆ ನನ್ನ ಮುಂದಿದ್ದ ಚೊಂಬನ್ನು ಎತ್ತಿಕೊಂಡು ನಿಂತಳು.

“ಇಷ್ಟು ಗೊತ್ತಿತ್ತಂದ್ರ, ಇಷ್ಟು ವರ್ಷ ಎಲ್ಲಿದ್ರಿ ನೀವು?”

“ಹೊಸಪೇಟಿಯಾಗ,” ಎಂದೆ.